ಅರ್ಧ ವಾಕ್ಯ ಹೊತ್ತು ಊರು ಸುತ್ತಿದ ದಿನ

ಪುಟ್ಟೀ,

ಮೊನ್ನೆ ನೀನು ಫೋನಿನಲ್ಲಿ ಕೂಗಿದ ಕೂಗಿಗೆ ನಮ್ಮ ಅಡುಗೆಮನೆಯ ಲೋಟಗಳೂ ಬೆಚ್ಚಿರಬೇಕು. "ಹತ್ತು ದಿನ ಚಿಕ್ಕಮ್ಮಾ! ಇಬ್ರಿಗೂ ಒಟ್ಟಿಗೇ ಸಿಕ್ಕಿದೆ! ಆಸ್ಪತ್ರೇಲಿ ನಂಗೆ ರಜ, ಅವರ ಪ್ರೆಸ್ಸಿಗೂ ಬೀಗ!" ಆಮೇಲೆ ನಿನ್ನ ಪಟ್ಟಿ ಶುರುವಾಯಿತು. ಎರಡು ಸಿನಿಮಾ, ಕಿಟಕಿಗೆ ಹೊಸ ಪರದೆ, ಗಂಡನಿಗೆ ಈಜು ಕಲಿಸುವುದು, ಹತ್ತು ಗಂಟೆಯವರೆಗೆ ನಿದ್ದೆ, ಮದುವೆಯ ಫೋಟೋಗಳನ್ನು ಕೊನೆಗೂ ಆಲ್ಬಮ್ಮಿಗೆ ಅಂಟಿಸುವುದು. ಮದುವೆಯಾಗಿ ಐದು ತಿಂಗಳಾದರೂ, ನೀನು ಮನೆಗೆ ಬರುವಾಗ ಅವನು ಹೊರಡುವ, ಅವನು ಬರುವಾಗ ನೀನು ಹೊರಡುವ ಸಂಸಾರ ನಿಮ್ಮದು. ನಿನ್ನ ಖುಷಿ ನನಗೂ ಹತ್ತಿಕೊಂಡು, ನಾನೇ ರಜೆ ಹೊರಟವಳ ಹಾಗೆ ಹೂಂ ಹೂಂ ಎನ್ನುತ್ತಾ ಅಡುಗೆಮನೆಯಲ್ಲಿ ಓಡಾಡುತ್ತಿದ್ದೆ.

ಅಷ್ಟರಲ್ಲಿ ನಿನ್ನ ಧ್ವನಿ ತಗ್ಗಿತು. "ಅಷ್ಟು ದಿನ ಇಬ್ರೇ ಕೂತು ಏನ್ ಮಾತಾಡೋದು ಚಿಕ್ಕಮ್ಮಾ?" ಎಂದೆ. ಆಮೇಲೆ ನೀನೇ ನಕ್ಕು ಫೋನಿಟ್ಟೆ. ಆದರೆ ಪ್ರಶ್ನೆಗೂ ನಗುವಿಗೂ ಮಧ್ಯೆ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ನೀನು ಸುಮ್ಮನಿದ್ದೆ. ಆ ಮೌನದ ಪರಿಚಯ ನನಗಿದೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅದು ನಮ್ಮ ಮನೆಯ ಮೂರನೆಯ ಸದಸ್ಯನಂತೆ ಊಟಕ್ಕೆ ಕೂರುತ್ತಿತ್ತು.

ಈ ಕತೆಯನ್ನು ಫೋನಿನಲ್ಲಿ ಹೇಳಬಹುದಿತ್ತು. ಹೇಳಲು ಹೋದರೆ ಪಕ್ಕದಲ್ಲಿರುವ ನಿನ್ನ ಚಿಕ್ಕಪ್ಪ "ಹಾಗಲ್ಲ ಕಣೆ, ಹೀಗೆ" ಎಂದು ಬಾಯಿ ಹಾಕಿ, ಕೊನೆಗೆ ಬಸ್ಸಿನ ಗೇರಿನ ವಿಷಯಕ್ಕೆ ಇಳಿಸಿಬಿಡುತ್ತಾರೆ. ಈಗ ಬಾಯಿ ಮುಚ್ಚದ ಈ ಮನುಷ್ಯ ಒಂದು ಕಾಲಕ್ಕೆ ನನ್ನೊಂದಿಗೆ ಮಾತೇ ಆಡುತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ. ಅದಕ್ಕೇ ಪತ್ರ.

ಆಗ ಅವರು ಬಸ್ ಡಿಪೋದಲ್ಲಿ ಫಿಟ್ಟರ್. ಮಧ್ಯಾಹ್ನ ಮೂರಕ್ಕೆ ಹೋದರೆ ನಾನು ಮಲಗಿ ಒಂದು ನಿದ್ದೆ ಮುಗಿಸಿದ ಮೇಲೆ ಬರುವ ಪಾಳಿ. ನಾನು ಕನ್ನಡಕದ ಅಂಗಡಿಯಲ್ಲಿದ್ದೆ. ಕಾವ್ಯದ ಮೇಲೆ ಎಂ.ಎ. ಮಾಡಿಕೊಂಡು, ದಿನವಿಡೀ ಜನರ ಒಂದು ಕಣ್ಣು ಮುಚ್ಚಿಸಿ "ಕೆಳಗಿನ ಸಾಲು ಓದಿ" ಎನ್ನುತ್ತಿದ್ದೆ. ಬೆಳಗ್ಗೆ ಎಂಟೂವರೆಗೆ ನಾನು ಹೊರಡುವಾಗ ಅವರು ಮುಸುಕಿನೊಳಗೆ. ಸಂಜೆ ನಾನು ಬಂದಾಗ ಅವರ ಟೀ ಲೋಟ ಮಾತ್ರ ಸಿಂಕಿನಲ್ಲಿ. ನನ್ನ ವಾರದ ರಜೆ ಭಾನುವಾರ, ಅವರದ್ದು ಬುಧವಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ; ವ್ಯತ್ಯಾಸವೆಂದರೆ ಎತ್ತಿಗೂ ಕೋಣಕ್ಕೂ ಪರಸ್ಪರ ಭೇಟಿಯೇ ಇರಲಿಲ್ಲ.

ಡಿಪೋದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಬಸ್ಸಿಗೂ ಒಂದು ಪುಟ್ಟ ಕರಿಹಲಗೆ. ಚಾಲಕ ಬಸ್ಸನ್ನು ಒಳಗೆ ತಂದು ನಿಲ್ಲಿಸಿದಾಗ ಅದರ ಮೇಲೆ ಸೀಮೆಸುಣ್ಣದಲ್ಲಿ ತೊಂದರೆ ಬರೆದು ಹೋಗುತ್ತಾನೆ: "ಬ್ರೇಕು ಎಡಕ್ಕೆ ಎಳೆಯುತ್ತದೆ." ಫಿಟ್ಟರ್ ಅದನ್ನು ಓದಿ, ರಿಪೇರಿ ಮಾಡಿ, ಕೆಳಗೆ "ಸರಿ ಮಾಡಿದೆ" ಎಂದು ಬರೆಯುತ್ತಾನೆ. ಆಗದಿದ್ದರೆ "ಬಿಡಿಭಾಗ ಬರಬೇಕು" ಎಂದು ಬರೆಯುತ್ತಾನೆ. ಅದು ಬರುವವರೆಗೆ ಬಸ್ಸು ಹೊರಡುವುದಿಲ್ಲ. ಚಾಲಕ, ಫಿಟ್ಟರ್ ಇಬ್ಬರೂ ವರ್ಷಗಟ್ಟಲೆ ಮುಖ ನೋಡದೆ ಇರಬಹುದು, ಬಸ್ಸು ಮಾತ್ರ ಓಡುತ್ತಲೇ ಇರುತ್ತದೆ.

ಮದುವೆಯಾದ ಎರಡನೆಯ ವಾರ ನಿನ್ನ ಚಿಕ್ಕಪ್ಪ ಅಂಥದ್ದೊಂದು ಹಳೆಯ ಹಲಗೆ ತಂದು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದರು. ನಮ್ಮ ಸಂಸಾರ ಅದರ ಮೇಲೆ ನಡೆಯಿತು. ನಾನು "ಸಕ್ಕರೆ ಮುಗಿದಿದೆ" ಎಂದು ಬರೆದರೆ ಸಂಜೆ ಡಬ್ಬಿ ತುಂಬಿರುತ್ತಿತ್ತು, ಕೆಳಗೆ "ಸರಿ ಮಾಡಿದೆ." "ನಲ್ಲಿ ಸೋರುತ್ತಿದೆ" — "ಸರಿ ಮಾಡಿದೆ." ಒಂದು ದಿನ ತಮಾಷೆಗೆ "ನನಗೆ ತಲೆನೋವು" ಎಂದು ಬರೆದೆ. ಸಂಜೆ ನೋಡಿದರೆ "ಮಾತ್ರೆ ದಿಂಬಿನ ಕೆಳಗಿದೆ. ನಾಳೆ ಮತ್ತೆ ಪರೀಕ್ಷಿಸಿ ತಿಳಿಸುವುದು" ಎಂದಿತ್ತು! ಆ ಹಲಗೆಯನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ನಕ್ಕಿದ್ದೆ. ಸೀರೆಯೆಲ್ಲ ಸುಣ್ಣ.

ಆದರೆ ಇನ್ನೊಂದು ವಿಷಯ ಹೇಳಬೇಕು. ಸಂಜೆಗಳು ನನಗೆ ತುಂಬ ಉದ್ದವಾಗಿದ್ದವು. ಅವರು ಬಸ್ಸಿನ ಕೆಳಗೆ ಮಲಗಿ ನನ್ನದೇ ಚಿಂತೆ ಮಾಡಬಾರದೆಂದು ನಾನು ಹಲಗೆಯ ಮೇಲೆ ಖುಷಿಯ ಸುದ್ದಿಯನ್ನೇ ಬರೆಯುತ್ತಿದ್ದೆ. ಒಂದು ದಿನ ಹೀಗೆ ಬರೆದಿದ್ದೆ: "ಇವತ್ತಿನ ಸಂಜೆ ಎಷ್ಟು ಚೆನ್ನಾಗಿತ್ತು! ಒಬ್ಬಳೇ ಕಿಟಕಿಯ ಹತ್ತಿರ ಕೂತು ಪುಸ್ತಕ ಮುಗಿಸಿದೆ. ಯಾರ ಸದ್ದೂ ಇಲ್ಲ." ಪುಸ್ತಕ ಮುಗಿಸಿರಲಿಲ್ಲ ಪುಟ್ಟಿ. ಒಂದೇ ಪುಟವನ್ನು ಹನ್ನೊಂದು ಸಲ ಓದಿ, ಎದ್ದು ಹೋಗಿ ಅವರ ಅಂಗಿಗಳನ್ನು ಸುಮ್ಮನೆ ಮತ್ತೊಮ್ಮೆ ಮಡಿಸಿಟ್ಟಿದ್ದೆ. ಅವರು ಆ ಬರಹದ ಕೆಳಗೆ ಏನೂ ಬರೆಯಲಿಲ್ಲ. ನಾನೂ ಅದನ್ನು ಒರೆಸಿ, "ಹಾಲು ಬೇಕು" ಎಂದು ಬರೆದು ಮರೆತೆ.

ಏಳು ತಿಂಗಳಾದ ಮೇಲೆ ವರ್ಷದ ಕೊನೆಯ ರಜೆ ಬಂತು. ಅಂಗಡಿ ಹತ್ತು ದಿನ ಮುಚ್ಚಿತು. ಡಿಪೋದಲ್ಲಿ ಸರದಿಯ ಮೇಲೆ ಕೊಡುವ ರಜೆ ಅವರಿಗೆ ಅದೇ ಹತ್ತು ದಿನಕ್ಕೆ ಬಿತ್ತು. ನಾನು ನಿನ್ನ ಹಾಗೆಯೇ ಕುಣಿದೆ. ಮೊದಲ ದಿನ ಸಿನಿಮಾ, ಕೆರೆಯಲ್ಲಿ ದೋಣಿ, ದಾರಿಯುದ್ದಕ್ಕೂ ಕಿತ್ತಳೆ ಸುಲಿದು ತಿಂದದ್ದು. ಎರಡನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ನಮ್ಮ ಮಾತು ಮುಗಿಯಿತು. ನಿಜವಾಗಿ ಮುಗಿಯಿತು. ಮೇಜಿನ ಆಚೆ ಅವರು, ಈಚೆ ನಾನು, ಮಧ್ಯೆ ಬ್ರೆಡ್ಡು. "ಚಳಿ ಇದೆ ಅಲ್ವಾ" ಎಂದರು. "ಹೂಂ, ನಿನ್ನೆಗಿಂತ ಜಾಸ್ತಿ" ಎಂದೆ. ಅಷ್ಟೇ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಮದುವೆಯೆಂದರೆ ಇಷ್ಟೇ ಏನೋ, ನನ್ನಂಥವಳೊಂದಿಗೆ ಆಡಲು ಇವರ ಬಳಿ ಮಾತೇ ಇಲ್ಲವೇನೋ ಎಂದು ಆ ಮಧ್ಯಾಹ್ನ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಂದರೆ ಜೋರಾಗೇನಲ್ಲ, ಅರ್ಧ ಬಕೆಟ್ಟು ತುಂಬುವಷ್ಟು ಹೊತ್ತು.

ಹೊರಗೆ ಬಂದವಳು ಅಭ್ಯಾಸಬಲದಿಂದ ಹಲಗೆಯ ಮೇಲೆ ಬರೆದೆ: "ಯಾಕೆ ಮಾತಾಡುವುದಿಲ್ಲ?" ಬರೆದು ಮಹಡಿಗೆ ಬಟ್ಟೆ ಹರವಲು ಹೋದೆ. ಇಳಿದು ಬಂದಾಗ ಉತ್ತರ ಕಾದಿತ್ತು: "ಎದುರಿಗೆ ಕೂತರೆ ಏನೂ ತೋಚುವುದಿಲ್ಲ. ಸಿನಿಮಾದಲ್ಲಿ ನೀನು ಅತ್ತದ್ದು ನೋಡಿದೆ. ಯಾವ ಜಾಗದಲ್ಲಿ ಎಂದು ಕೇಳಬೇಕು ಅಂತ ನಿನ್ನೆಯಿಂದ ಅಂದುಕೊಳ್ಳುತ್ತಿದ್ದೇನೆ."

ಅಯ್ಯೋ ಪುಟ್ಟಿ, ಆಮೇಲಿನ ಒಂದೂವರೆ ದಿನ! ಒಂದೇ ಮನೆಯಲ್ಲಿ, ಒಬ್ಬರು ಅಡುಗೆಮನೆಗೆ ಹೋಗಿ ಬರೆಯುವುದು, ಇನ್ನೊಬ್ಬರು ಹೊರಕೋಣೆಯಲ್ಲಿ ಏನೂ ಗೊತ್ತಿಲ್ಲದವರ ಹಾಗೆ ಕಾಯುವುದು. ಬಳೆ ಸದ್ದಾದರೆ ಅವರು ಎದ್ದು ಓಡುವುದು, ಚಪ್ಪಲಿ ಸದ್ದಾದರೆ ನಾನು. ಅವರಿಗೆ ಎತ್ತರ ಕಂಡರೆ ಭಯವೆಂದು, ಬಾಲ್ಯದಲ್ಲಿ ಅಕ್ಕನ ಮದುವೆಯ ದಿನ ಮಂಚದ ಕೆಳಗೆ ಬಚ್ಚಿಟ್ಟುಕೊಂಡು ಅತ್ತಿದ್ದರೆಂದು, ನಾನು ಹಾಡುವಾಗ ಶ್ರುತಿ ತಪ್ಪುತ್ತೇನೆಂದು, ಎಲ್ಲವೂ ಆ ಹಲಗೆಯ ಮೇಲೆ ಬಂತು. ಕೊನೆಯದಕ್ಕೆ ನಾನು ಕೊಟ್ಟ ಉತ್ತರ: "ಸರಿ ಮಾಡುವುದಿಲ್ಲ."

ನಾಲ್ಕನೆಯ ದಿನ ಬೆಳಗ್ಗೆ ಅವರ ಅಂಗಿ ಒಗೆಯಲು ತೆಗೆದುಕೊಂಡೆ. ಜೇಬಿನಲ್ಲಿ ನಾಲ್ಕು ಮಡಿಕೆ ಹಾಕಿದ ಕಾಗದ. ಹಗಲು ಪಾಳಿಗೆ ಬದಲಾಯಿಸಲು ಡಿಪೋದವರು ಕೊಟ್ಟ ಅರ್ಜಿ ಅದು. ತಾರೀಖು ಎರಡು ತಿಂಗಳ ಹಿಂದಿನದು. ಮಡಿಕೆಗಳು ಸವೆದು ಹರಿಯುವಂತಾಗಿದ್ದವು, ಅಂದರೆ ಅಂಗಿಯಿಂದ ಅಂಗಿಗೆ ವರ್ಗವಾಗುತ್ತಾ ಬಂದಿತ್ತು. ತುಂಬಬೇಕಾದ ಜಾಗವೆಲ್ಲ ಖಾಲಿ. ರಜೆ ಮುಗಿದ ದಿನವೇ ಕೊಡಲು ಕೊನೆಯ ಗಡುವು.

ಸಂಜೆ ಆರಕ್ಕೆ ಮನೆಗೆ ಬರಬಹುದಾಗಿದ್ದ ಮನುಷ್ಯ ಎರಡು ತಿಂಗಳಿಂದ ಬೇಡವೆಂದು ಕೂತಿದ್ದಾನೆ. ಅವರಿಗೆ ಹಲಗೆಯ ಮೇಲಿನ ಹೆಂಡತಿ ಸಾಕು. ಎದುರಿಗಿರುವವಳು ಬೇಡ. ಹಾಗೆಂದುಕೊಂಡೆ. ನೀನಾಗಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ಹಲಗೆಯ ಮೇಲೆ ಬರೆದೆ: "ಜೇಬಿನಲ್ಲಿರುವ ಅರ್ಜಿ ಯಾಕೆ ಖಾಲಿ ಇದೆ?" ಬಳೆಗಳನ್ನು ಬೇಕೆಂದೇ ಜೋರಾಗಿ ಸದ್ದು ಮಾಡಿ ಆಚೆ ಬಂದೆ. ಅವರು ಹೋದರು. ಬಹಳ ಹೊತ್ತು ಬರಲಿಲ್ಲ. ಕರ್ ಎಂದು ಉಗುರು ಹಲಗೆಯನ್ನು ಕೆರೆದ ಸದ್ದು ಕೇಳಿತು. ಹೋಗಿ ನೋಡಿದರೆ ಅರ್ಧ ವಾಕ್ಯ: "ನನಗೆ ನಿಜವಾಗಿ ಬೇಕಿರುವುದು". ಅಲ್ಲಿಗೆ ಸೀಮೆಸುಣ್ಣ ಮುಗಿದಿತ್ತು. ಒಂದೂವರೆ ದಿನದಲ್ಲಿ ಮನೆಯಲ್ಲಿದ್ದದ್ದನ್ನೆಲ್ಲ ಬರೆದು ಮುಗಿಸಿದ್ದೆವು.

"ಏನು ಬೇಕಿರೋದು? ಬಾಯಲ್ಲಿ ಹೇಳಿ" ಎಂದೆ.

"ಬಾಯಲ್ಲಿ ಆಗಲ್ಲ."

"ಹಾಗಾದ್ರೆ ಪೆನ್ನು ತಗೊಳ್ಳಿ."

"ಪೆನ್ನಲ್ಲಿ ಬರೆದ್ರೆ ಅಳಿಸೋಕಾಗಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವವರನ್ನು ಕಂಡಿದ್ದೆ. ಅರ್ಧ ಗೋಡೆ ಕಟ್ಟಿ ನಿಲ್ಲಿಸುವವರನ್ನು ಅವತ್ತೇ ನೋಡಿದ್ದು. "ನಡೀರಿ, ಚಾಕ್‌ಪೀಸ್ ಹುಡುಕೋಣ" ಎಂದು ಚಪ್ಪಲಿ ಮೆಟ್ಟಿದೆ. ಅವರು ಆ ಹಲಗೆಯನ್ನೇ, ಅಕ್ಷರ ಅಳಿಸದ ಹಾಗೆ ಹೊರಮುಖ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಬಂದರು.

ನೋಡು, ರಜೆಯ ಊರು ಹೇಗಿರುತ್ತದೆಂದು ನಿನಗೆ ಗೊತ್ತು. ಪುಸ್ತಕದ ಅಂಗಡಿಗೆ ಬೀಗ, "ಮುಂದಿನ ಸೋಮವಾರ" ಎಂಬ ಚೀಟಿ. ಶಾಲೆಗೆ ಬೀಗ. ಮೂಲೆಯ ಅಂಗಡಿಯಾತ ಬಾಗಿಲು ಅರ್ಧ ಎಳೆದುಕೊಂಡು, "ಬಿಸ್ಕತ್ತು ಇದೆ, ಸೋಪಿದೆ, ಚಾಕ್‌ಪೀಸ್ ಯಾರು ಕೇಳ್ತಾರಮ್ಮಾ ರಜದಲ್ಲಿ?" ಎಂದ. ಎದುರಾದ ಜನ ಮೊದಲು ಹಲಗೆ ಓದಿ, ಆಮೇಲೆ ನಮ್ಮ ಮುಖ ನೋಡುತ್ತಿದ್ದರು. ಅಜ್ಜಿಯೊಬ್ಬರು ಅವರ ತೋಳು ಹಿಡಿದು ನಿಲ್ಲಿಸಿ, "ಏನಪ್ಪಾ ಬೇಕಿರೋದು ನಿಂಗೆ?" ಎಂದು ಕೇಳಿಯೇಬಿಟ್ಟರು. ನಿನ್ನ ಚಿಕ್ಕಪ್ಪ ಕಿವಿಯವರೆಗೂ ಕೆಂಪಾಗಿ, "ಚಾಕ್‌ಪೀಸ್ ಅಜ್ಜಿ" ಎಂದರು. ನನಗೆ ಸಿಟ್ಟು ಎಷ್ಟಿತ್ತೋ ಅಷ್ಟೇ ನಗು.

ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲಿ ಒಬ್ಬ ದರ್ಜಿ ಇದ್ದ. ಅವನ ಮನೆಯ ಬಾಗಿಲು ತಟ್ಟಿದೆವು. ಬಟ್ಟೆಗೆ ಗುರುತು ಹಾಕುವ ಗುಲಾಬಿ ಬಿಲ್ಲೆ ಕೊಟ್ಟ. ಅದು ಹಲಗೆಯ ಮೇಲೆ ಸಾಬೂನಿನ ಹಾಗೆ ಜಾರಿತು, ಅಕ್ಷರ ಮೂಡಲಿಲ್ಲ. ದರ್ಜಿ ಹಲಗೆ ನೋಡಿದ. "ಮದ್ವೆ ಆಗಿ ಎಷ್ಟು ದಿನ ಆಯ್ತು?" "ಏಳು ತಿಂಗಳು." "ಬರ್ದು ಬರ್ದು ಮಾತಾಡ್ತೀರಾ? ಪುಣ್ಯವಂತರು! ಚಾಕ್‌ಪೀಸ್ ಸಿಕ್ಕಿದ್ರೆ ನಂಗೂ ಒಂದು ಡಬ್ಬ ತಂದ್ಕೊಡಿ, ನಮ್ಮನೆಯವಳಿಗೆ ಕೊಡ್ತೀನಿ" ಎಂದ. ಒಳಗಿನಿಂದ, "ಕೊಡಿ ಕೊಡಿ, ನೀವು ಓದೋಕೆ ಮೊದ್ಲು ಕನ್ನಡಕ ತಗೊಳ್ಳಿ" ಎಂಬ ಧ್ವನಿ ಬಂತು. ನಾನು ವೃತ್ತಿಧರ್ಮ ಮರೆಯದೆ ಅಂಗಡಿ ತೆರೆಯುವ ದಿನ ಹೇಳಿ ಬಂದೆ.

ಇಷ್ಟು ಹೊತ್ತಿಗೆ ಎರಡು ಗಂಟೆ ನಡೆದಿದ್ದೆವು. ಗಮನಿಸು, ನಡೆಯುತ್ತಾ ನಾವು ಮಾತಾಡುತ್ತಿದ್ದೆವು. ಅಜ್ಜಿಯ ಬಗ್ಗೆ, ದರ್ಜಿಯ ಹೆಂಡತಿಯ ಬಗ್ಗೆ, ಯಾರ ಮನೆಯ ಗೇಟಿನ ಬಣ್ಣ ಚೆನ್ನಾಗಿದೆ ಎಂಬುದರ ಬಗ್ಗೆ. ಇದನ್ನು ನಾನು ಆಗ ಗಮನಿಸಿರಲಿಲ್ಲ. ನನ್ನ ಕಣ್ಣೆಲ್ಲ ಆ ಅರ್ಧ ವಾಕ್ಯದ ಮೇಲಿತ್ತು. ಉದ್ಯಾನದ ಬೆಂಚಿನ ಮೇಲೆ ಕೂತು ಮತ್ತೆ ಕೇಳಿದೆ: "ಬಾಯಲ್ಲಿ ಯಾಕೆ ಆಗಲ್ಲ, ಅದನ್ನಾದರೂ ಬಾಯಲ್ಲಿ ಹೇಳಿ."

ಅವರು ತಮ್ಮ ಬೂಟು ನೋಡುತ್ತಾ ಹೇಳಿದರು: "ಬಾಯಲ್ಲಿ ಕೇಳಿದ್ರೆ ನೀನು ನನ್ನ ಮುಖ ನೋಡಿ ಹೂಂ ಅಂದ್ಬಿಡ್ತೀಯ. ಹಲಗೆ ಮೇಲಾದ್ರೆ ನಿಜ ಬರೀತೀಯ."

ಹಲಗೆಯ ಮೇಲೆ ನಾನು ಏನೆಲ್ಲ ಬರೆದಿದ್ದೆನೆಂದು ನನಗೊಬ್ಬಳಿಗೇ ಗೊತ್ತಿತ್ತು.

"ಡಿಪೋಗೆ ಹೋಗೋಣ. ಅಲ್ಲಿ ಡಬ್ಬಗಟ್ಟಲೆ ಇರುತ್ತಲ್ಲ" ಎಂದೆ. ಅವರು ಬೆಳಗ್ಗೆಯಿಂದ ಆ ಮಾತು ಎತ್ತದಿರಲು ಕಾರಣವಿತ್ತು. ರಜೆಯಲ್ಲಿ ಡಿಪೋಗೆ ಕಾಲಿಟ್ಟರೆ ಫೋರ್‌ಮನ್ ಕೈಗೆ ಸ್ಪ್ಯಾನರ್ ಕೊಡದೆ ಬಿಡುವವರಲ್ಲ. ಹಾಗೆಯೇ ಆಯಿತು. ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿಲ್ಲ, "ಬಂದ್ಯೇನೋ ಮಾರಾಯ! ಇಪ್ಪತ್ತೇಳನೇ ಬಸ್ಸು ಮತ್ತೆ ಎಡಕ್ಕೆ ಎಳೀತಿದೆ, ಹತ್ತೇ ನಿಮಿಷ!" ಎಂಬ ಕೂಗು.

ನಾನು ಡಿಪೋದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಡೀಸೆಲ್ ವಾಸನೆ, ಸಾಲಾಗಿ ನಿಂತ ಬಸ್ಸುಗಳು, ಒಂದೊಂದರ ಮುಂದೆಯೂ ಒಂದೊಂದು ಹಲಗೆ. "ಹಾರ್ನ್ ಇಲ್ಲ." "ಹಿಂದಿನ ಬಾಗಿಲು ಮುನಿಸಿಕೊಂಡಿದೆ." ಕೆಳಗೆ ನನಗೆ ಚಿರಪರಿಚಿತವಾದ ಅಕ್ಷರದಲ್ಲಿ "ಸರಿ ಮಾಡಿದೆ." ನಮ್ಮ ಅಡುಗೆಮನೆ ಇಪ್ಪತ್ತು ಪಾಲು ದೊಡ್ಡದಾಗಿ ನಿಂತ ಹಾಗಿತ್ತು.

ನಿನ್ನ ಚಿಕ್ಕಪ್ಪ ಕಪಾಟಿನಿಂದ ಒಂದು ಸೀಮೆಸುಣ್ಣ ತೆಗೆದರು. ನನಗೆ ಬೆನ್ನು ತಿರುಗಿಸಿ ನಿಂತು ಏನೋ ಬರೆದರು. ನಮ್ಮ ಹಲಗೆಯನ್ನು ಚಕ್ರಕ್ಕೆ ಒರಗಿಸಿ, ನನ್ನತ್ತ ನೋಡದೆ, ಸೀದಾ ಇಪ್ಪತ್ತೇಳರ ಕೆಳಗೆ ನುಸುಳಿದರು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ನನ್ನ ಮುಖ ನೋಡಬಾರದೆಂದು ಬಸ್ಸಿನ ಕೆಳಗೆ ಅಡಗಿದ ಗಂಡ, ಪುಟ್ಟಿ!

ನಾನು ಕೈ ಚಾಚುವಷ್ಟರಲ್ಲಿ ಫೋರ್‌ಮನ್ ಬಂದು ಹಲಗೆ ಎತ್ತಿಕೊಂಡರು. ಬಸ್ಸಿನದ್ದೆಂದು ತಿಳಿದರು. "ಏನ್ ಬರ್ದಿದಾನೆ, ಅಕ್ಷರ ಕುಣೀತವಲ್ಲ" ಎಂದು ಕಣ್ಣು ಕಿರಿದು ಮಾಡಿದರು. ಅವರ ಕನ್ನಡಕದ ಒಂದು ಕಾಲು ಆಕಾಶ ನೋಡುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಕನ್ನಡಕ ಈಸಿಕೊಂಡು, ಅಲ್ಲೇ ಬಿದ್ದಿದ್ದ ಚಿಕ್ಕ ಇಕ್ಕಳದಿಂದ ಕಾಲು ನೇರಮಾಡಿ ಅವರ ಮೂಗಿಗೆ ಏರಿಸಿದೆ. ಆಮೇಲೆ ಹೊಳೆಯಿತು, ಎಂಥ ಕೆಲಸ ಮಾಡಿದೆನೆಂದು. ಏಕೆಂದರೆ ಅವರು ಡಿಪೋದ ಗಂಟಲಿನಲ್ಲಿ ಸ್ಪಷ್ಟವಾಗಿ ಓದತೊಡಗಿದರು:

"ನನಗೆ ನಿಜವಾಗಿ ಬೇಕಿರುವುದು ಹಗಲು ಪಾಳಿ. ಆದರೆ ಅವಳಿಗೆ ಸಂಜೆ ಒಬ್ಬಳೇ ಇರುವುದು ಇಷ್ಟ. ಅವಳೇ ಬರೆದಿದ್ದಳು. ಹಾಗಾಗಿ ಅರ್ಜಿ ನಿಂತಿದೆ. ಬಿಡಿಭಾಗ ಬರಬೇಕು: ಅವಳ ಒಪ್ಪಿಗೆ."

ಅಕ್ಕಪಕ್ಕದ ಬಸ್ಸುಗಳಿಂದ ನಾಲ್ಕು ತಲೆ ಹೊರಬಂದವು. ಯಾರೋ ಸಿಳ್ಳೆ ಹಾಕಿದರು. ಫೋರ್‌ಮನ್ ಹಲಗೆಯನ್ನೂ ನನ್ನನ್ನೂ ನೋಡಿ, "ಇದು ನಮ್ಮ ಸ್ಟೋರಲ್ಲಿ ಸಿಗೋ ಮಾಲಲ್ಲಮ್ಮ, ನೀವೇ ನೋಡ್ಕೊಳ್ಳಿ" ಎಂದು ಅದನ್ನು ನನ್ನ ಕೈಗೆ ಕೊಟ್ಟು ದೂರ ಸರಿದರು. ಬಸ್ಸಿನ ಕೆಳಗಿನ ಎರಡು ಕಾಲುಗಳು ಅಲುಗಾಡುವುದನ್ನು ನಿಲ್ಲಿಸಿದ್ದವು.

ಎರಡು ತಿಂಗಳು. ಸುಳ್ಳು ಸಂಜೆಯೊಂದನ್ನು ನಾನು ಬರೆದು ಮರೆತೆ. ಅವರು ಅದನ್ನು ನಿಜವೆಂದು ನಂಬಿ ಅರ್ಜಿಯನ್ನು ಎದೆಯ ಮೇಲಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರು. ನನ್ನ ಸುಖ ಕೆಡಿಸಬಾರದೆಂದು ಅವರು, ಅವರ ನೆಮ್ಮದಿ ಕೆಡಿಸಬಾರದೆಂದು ನಾನು.

ಸೀಮೆಸುಣ್ಣ ಕೈಗೆತ್ತಿಕೊಂಡೆ. ಹಾಗೆಯೇ ಕೆಳಗಿಟ್ಟೆ. ಎಣ್ಣೆ ಬಿದ್ದ ನೆಲದ ಮೇಲೆ, ಹೊಸ ಸೀರೆಯಲ್ಲಿ, ಮಂಡಿಯೂರಿ ಕೂತು ಆ ಕಾಲುಗಳಿಗೆ ಹೇಳಿದೆ: "ರೀ, ಅವತ್ತು ಹಲಗೆ ಮೇಲೆ ಸುಳ್ಳು ಬರೆದಿದ್ದೆ. ಪುಸ್ತಕ ಮುಗಿಸಿರ್ಲಿಲ್ಲ. ಒಂದೇ ಪುಟ ಹನ್ನೊಂದು ಸಲ ಓದಿದೆ."

ಆಮೇಲೆ ಕೆಳಗಿನಿಂದ, ಕಬ್ಬಿಣಕ್ಕೆ ಬಡಿದು ಬಂದಂಥ ಧ್ವನಿ: "ಹನ್ನೊಂದು ಸಲಾನಾ?"

"ಹೂಂ."

"ಒಪ್ಪಿಗೆ ಇದ್ಯಾ ಹಾಗಾದ್ರೆ?"

"ಇದೆ. ಬಾಯಲ್ಲೇ ಹೇಳ್ತಿದೀನಿ. ಮುಖ ನೋಡಿ ಹೇಳ್ತಿಲ್ಲ, ಕಾಲು ನೋಡಿ ಹೇಳ್ತಿದೀನಿ."

ಕೊನೆಗೆ ಕರಿ ಮೆತ್ತಿದ ಒಂದು ಕೈ ಹೊರಬಂತು. "ಆ ಹದಿನಾಲ್ಕರ ಸ್ಪ್ಯಾನರ್ ಕೊಡು. ಬೇಗ ಮುಗ್ಸಿ ಮನೆಗೆ ಹೋಗೋಣ."

ಕೊಟ್ಟೆ. ಕೈ ಸ್ಪ್ಯಾನರನ್ನಷ್ಟೇ ಹಿಡಿಯಲಿಲ್ಲ, ನನ್ನ ಬೆರಳುಗಳನ್ನೂ ಸೇರಿಸಿ ಹಿಡಿಯಿತು. ಆ ಎಣ್ಣೆಯ ಕಲೆ ಸೀರೆಯಿಂದ ಈವರೆಗೂ ಹೋಗಿಲ್ಲ. ಅರ್ಜಿಯನ್ನು ಇಪ್ಪತ್ತೇಳರ ಮೆಟ್ಟಿಲ ಮೇಲಿಟ್ಟೇ ತುಂಬಿದೆವು, ಅಳಿಸಲಾಗದ ಪೆನ್ನಿನಲ್ಲಿ. ಗಡುವಿಗೆ ಇನ್ನೂ ಆರು ದಿನವಿತ್ತು.

ಆ ಆರು ದಿನ ಏನು ಮಾತಾಡಿದಿರಿ ಎಂದು ಕೇಳಿದರೆ ಒಂದೂ ನೆನಪಿಲ್ಲ ಪುಟ್ಟಿ. ಹಲಗೆಯ ಮೇಲೆ ಬರೆದದ್ದೆಲ್ಲ ನೆನಪಿದೆ; ಆಡಿದ ಮಾತು ಒಂದೂ ಉಳಿದಿಲ್ಲ. ಉಸಿರಾಟವನ್ನು ಯಾರಾದರೂ ನೆನಪಿಡುತ್ತಾರೆಯೇ? ಹಗಲು ಪಾಳಿ ಬಂದ ಮೇಲೆ ಜಗಳವೂ ಬಂತು, ಬೇಸರದ ಭಾನುವಾರಗಳೂ ಬಂದವು. ಸುಮ್ಮನೆ ಕೂತ ಸಂಜೆಗಳೂ ಬೇಕಾದಷ್ಟು. ಆದರೆ ಮೌನ ಆಮೇಲೆ ಊಟಕ್ಕೆ ಕೂರುವ ಅತಿಥಿಯಾಗಿ ಉಳಿಯಲಿಲ್ಲ, ಮನೆಯ ಬೆಕ್ಕಿನ ಹಾಗೆ ಕಾಲ ಬಳಿ ಮಲಗಿತು.

ನೀವಿಬ್ಬರೂ ದಿನಕ್ಕೆ ನಲವತ್ತು ಸಂದೇಶ ಕಳಿಸಿಕೊಳ್ಳುತ್ತೀರೆಂದು ನೀನೇ ಹೇಳಿದ್ದೀಯ. ಅವುಗಳಲ್ಲಿ ಎಷ್ಟು "ಇವತ್ತಿನ ಸಂಜೆ ಎಷ್ಟು ಚೆನ್ನಾಗಿತ್ತು" ಎಂಬಂಥವು, ನನಗೆ ಹೇಳಬೇಡ. ಅವನಿಗೆ ಹೇಳು.

ಈ ಪತ್ರದ ಜೊತೆಗಿರುವ ಪೊಟ್ಟಣದಲ್ಲಿ ಆ ಹಲಗೆ ಇದೆ. ನಿನ್ನ ಚಿಕ್ಕಪ್ಪ ನಿನ್ನೆಯೆಲ್ಲ ಕೂತು ಅದರ ಚೌಕಟ್ಟಿಗೆ ಹೊಸ ಮೊಳೆ ಹೊಡೆದು, ಕಪ್ಪು ಬಣ್ಣ ಬಳಿದಿದ್ದಾರೆ. ಜೊತೆಗೆ ಸೀಮೆಸುಣ್ಣದ ಇಡೀ ಡಬ್ಬ ಇಟ್ಟಿದ್ದರು. "ಪಾಪ, ಹುಡುಗರಿಗೆ ಕಮ್ಮಿ ಬೀಳಬಾರದು" ಎಂಬುದು ಅವರ ವಾದ. ಅವರು ಅತ್ತ ತಿರುಗಿದಾಗ ಡಬ್ಬವನ್ನು ತೆಗೆದು, ಒಂದೇ ಒಂದು ತುಂಡು ಇಟ್ಟಿದ್ದೇನೆ, ಅದೂ ಅರ್ಧ ಮುರಿದದ್ದು.

ರಜೆಯ ಮೊದಲ ದಿನವೇ ಬರೆಯಲು ಶುರುಮಾಡಿ. ಅದು ಬೇಗ ಮುಗಿಯಲಿ, ಊರಿನ ಅಂಗಡಿಗಳೆಲ್ಲ ಮುಚ್ಚಿರಲಿ.

ಅಷ್ಟು ಹಾರೈಸುವ,
ನಿನ್ನ ಚಿಕ್ಕಮ್ಮ